ಹರಿಣಿಯ ಬೆಡ್ ಸೋಮವಾರದವರೆಗೆ

ಯಕ್ಷಿತಾ ಪೈಪನ್ನು ಎರಡನೇ ಡ್ರಮ್ಮಿಗೆ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಫ್ರಿಜ್ಜಿನ ಮೇಲಿದ್ದ ಅಮ್ಮನ ಮೊಬೈಲ್ ಹೊಡೆದುಕೊಂಡಿತು.

"ಅಮ್ಮಾ, ಫೋನ್!"

ಅಮ್ಮ ಬಾತ್‌ರೂಮಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬ್ರಶ್ಶಿನ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ.

ಮುಂಬಯಿಯ ಭಾಂಡುಪಿನಲ್ಲಿದ್ದ ಅವರ ಬಿಲ್ಡಿಂಗಿಗೆ ನೀರು ಬರುವುದು ಬೆಳಿಗ್ಗೆ ಒಂದೇ ಗಂಟೆ. ಅಷ್ಟರಲ್ಲಿ ಎರಡು ಡ್ರಮ್ಮು, ನಾಲ್ಕು ಬಕೆಟ್ಟು, ಕುಡಿಯುವ ನೀರಿನ ಕೊಡ ಎಲ್ಲ ತುಂಬಬೇಕು. ಶನಿವಾರ ಶಾಲೆಗೆ ರಜೆ. ಅದಕ್ಕೆ ಅವತ್ತು ಆ ಕೆಲಸ ಯಕ್ಷಿತಾಳದ್ದು. ಫೋನ್ ನಿಲ್ಲುವ ಹಾಗೆ ಕಾಣಲಿಲ್ಲ. ಪೈಪನ್ನು ಡ್ರಮ್ಮಿನೊಳಗೆ ಸಿಕ್ಕಿಸಿ, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಅವಳೇ ಎತ್ತಿದಳು.

"ಹಲೋ, ಹರಿಣಿ ಕೇ ಘರ್ ಸೇ?" ಹರಿಣಿಯ ಮನೆಯಾ ಎಂದು ಕೇಳಿತು ಒಂದು ಹೆಂಗಸಿನ ದನಿ.

"ಹಾಂ. ಮೈ ಉಸ್ಕೀ ಬೆಹೆನ್." ತಾನು ಅವಳ ತಂಗಿ ಎಂದಳು ಯಕ್ಷಿತಾ.

ಫೋನ್ ಮಾಡಿದ್ದು ಹರಿಣಿ ಅಕ್ಕ ಇದ್ದ ವಾರ್ಡಿನ ಸಿಸ್ಟರ್. ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದರಂತೆ. ಅಕ್ಕ ತನ್ನ ನೀಲಿ ಶಾಲನ್ನು ಅಲ್ಲೇ ಬಿಟ್ಟು ಬಂದಿದ್ದಾಳಂತೆ. ಆಮೇಲೆ ಹಿಂದಿಯಲ್ಲೇ ಮೆಲ್ಲಗೆ ಹೇಳಿದರು.

"ಮಮ್ಮಿಗೆ ಒಂದು ಮಾತು ಹೇಳು ಬೇಟಾ. ಅವಳು ಇನ್ನೂ ಮೂರು ವಾರ ಇಲ್ಲೇ ಇರಬೇಕಿತ್ತು. ಡಾಕ್ಟರ್ ಬೇಡ ಅಂದರೂ ಕರೆದುಕೊಂಡು ಹೋದಿರಿ. ಸೋಮವಾರದವರೆಗೆ ಅವಳ ಬೆಡ್ ಇಟ್ಟಿರುತ್ತೇವೆ. ಆಮೇಲೆ ಇನ್ನೊಂದು ಹುಡುಗಿಗೆ ಕೊಡಬೇಕಾಗುತ್ತದೆ. ತುಂಬ ಜನ ಕಾಯುತ್ತಿದ್ದಾರೆ."

ಹಿಂದಿನಿಂದ ಚಳಚಳ ಸದ್ದು ಬಂತು. ಡ್ರಮ್ ತುಂಬಿ ನೀರು ಅಡುಗೆಮನೆಯ ನೆಲದ ಮೇಲೆ ಹರಿಯುತ್ತಿತ್ತು.

"ಅಯ್ಯೋ ಯಕ್ಷೀ! ಕಣ್ಣು ಎಲ್ಲಿಟ್ಟಿದ್ದಿ ಮಾರಾಯ್ತಿ?" ಅಮ್ಮ ಸೋಪಿನ ಕೈಯಲ್ಲೇ ಓಡಿಬಂದಳು. "ಯಾರದ್ದು ಫೋನು?"

ಯಕ್ಷಿತಾ ಅಮ್ಮನ ಮುಖವನ್ನೇ ನೋಡಿದಳು.

"ರಾಂಗ್ ನಂಬರ್," ಅಂದಳು.

ಸುಳ್ಳು ಹೇಳಿದ್ದು ತಾನೇ. ಆದರೆ ಅವಳಿಗೆ ಸಂಶಯ ಬಂದದ್ದು ಅಮ್ಮನ ಮೇಲೆ.

ಯಾಕೆಂದರೆ ಅಕ್ಕ ಬುಧವಾರ ಮನೆಗೆ ಬಂದ ಮೇಲೆ ಯಕ್ಷಿತಾ ಮೂರು ಕತೆ ಕೇಳಿದ್ದಳು. ಬಿಲ್ಡಿಂಗಿನವರಿಗೆ ಅಮ್ಮ ಹೇಳಿದ್ದು, "ಕಾಮಾಲೆ ಆಗಿತ್ತು, ಈಗ ಗುಣ ಆಯ್ತು." ಪಪ್ಪ ಹೇಳಿದ್ದು, "ಮನೆ ಊಟ ಮಾಡಲಿ ಅಂತ ಡಾಕ್ಟರೇ ಕಳಿಸಿದ್ದು." ಅಕ್ಕ ಹೇಳಿದ್ದು, "ಬೋರ್ ಆಯ್ತು, ಬಂದೆ." ಈಗ ಸಿಸ್ಟರಿನದು ನಾಲ್ಕನೇ ಕತೆ. ನಾಲ್ಕೂ ನಿಜ ಆಗಲಿಕ್ಕೆ ಹೇಗೆ ಸಾಧ್ಯ?

ಕಾಮಾಲೆ ಅಲ್ಲ ಅನ್ನುವುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹರಿಣಿಗೆ ಆದದ್ದು, ದಪ್ಪ ಆದೇನೋ ಎಂದು ಊಟ ಕಂಡರೆ ಹೆದರಿಕೆಯಾಗುವ ಕಾಯಿಲೆ. "ಇದು ಹಠ ಅಲ್ಲ, ಸೊಕ್ಕೂ ಅಲ್ಲ. ಜ್ವರದ ಹಾಗೆ ಇದೂ ಒಂದು ಕಾಯಿಲೆ. ಗುಣ ಆಗಲು ಸಮಯ ಬೇಕು," ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಆಗ ಯಕ್ಷಿತಾ ಅಲ್ಲೇ ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಮಕ್ಕಳಿಗೆ ಕೇಳಿಸುವುದಿಲ್ಲ ಎಂದು ದೊಡ್ಡವರು ಯಾಕೆ ತಿಳಿಯುತ್ತಾರೋ!

*

ಹರಿಣಿ ಕಿಟಕಿಯ ಹತ್ತಿರ ಕಾಲು ಮಡಚಿ ಕೂತಿದ್ದಳು. ಹೊರಗೆ ಸೆಕೆ. ಫ್ಯಾನ್ ಐದರಲ್ಲಿ ತಿರುಗುತ್ತಿತ್ತು. ಆದರೂ ಅವಳ ಮೈಮೇಲೆ ಸ್ವೆಟರ್.

ಹೋದ ವರ್ಷ ಇದೇ ಅಕ್ಕ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತುತ್ತಿದ್ದಳು. "ಬಾರೇ ಆಮೆ!" ಎಂದು ಮೇಲಿಂದ ಕೂಗುತ್ತಿದ್ದಳು. ಮೊನ್ನೆ ಬುಧವಾರ ಆಸ್ಪತ್ರೆಯಿಂದ ಬರುವಾಗ ಎರಡನೇ ಮಹಡಿಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಲೇಸ್ ಬಿಚ್ಚಿತು, ಕಟ್ಟಿ ಬರ್ತೇನೆ, ನೀನು ಹೋಗು," ಅಂದಳು. ಯಕ್ಷಿತಾ ಬಗ್ಗಿ ನೋಡಿದ್ದಳು. ಅಕ್ಕನ ಕಾಲಲ್ಲಿ ಇದ್ದದ್ದು ಚಪ್ಪಲಿ. ಚಪ್ಪಲಿಗೆ ಲೇಸ್ ಎಲ್ಲಿರುತ್ತದೆ?

ಆವತ್ತಿನಿಂದ ಅಮ್ಮ ಯಕ್ಷಿತಾಗೆ ಒಂದು ಹೊಸ ಕೆಲಸ ಕೊಟ್ಟಿದ್ದಳು. ಈಗಲೂ ಇಡ್ಲಿಯ ತಟ್ಟೆಯನ್ನು ಹರಿಣಿಯ ಮುಂದಿಟ್ಟು, ಅಡುಗೆಮನೆಗೆ ಬಂದು ಪಿಸುಗುಟ್ಟಿದಳು.

"ಅಕ್ಕ ತಿಂತಾಳಾ ಇಲ್ವಾ, ಒಂದು ಕಣ್ಣಿಟ್ಟಿರು. ಗೊತ್ತಾಗದ ಹಾಗೆ."

ಗೊತ್ತಾಗದ ಹಾಗೆ ನೋಡಲು ಒಂದೇ ಕೋಣೆಯ ಮನೆಯಲ್ಲಿ ಜಾಗ ಎಲ್ಲಿದೆ? ಯಕ್ಷಿತಾ ಎದುರಿಗೆ ಕೆಂಪು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಮರಾಠಿ ಪುಸ್ತಕವನ್ನು ಮುಖಕ್ಕೆ ಹಿಡಿದು, ಅದರ ಮೇಲಿಂದ ಕಣ್ಣು ಹಾಯಿಸಿದಳು.

"ಪುಸ್ತಕ ಉಲ್ಟಾ ಹಿಡಿದಿದ್ದೀ," ಅಂದಳು ಹರಿಣಿ.

ಆಗಲೇ ಅಮ್ಮ ನೆಲ ಒರೆಸಲು ಕರೆದಳು. ಯಕ್ಷಿತಾ ಹರಿದ ನೀರನ್ನೆಲ್ಲ ಬಟ್ಟೆಯಲ್ಲಿ ಹಿಂಡಿ ಹಿಂಡಿ ಬಕೆಟ್ಟಿಗೆ ಹಾಕಿದಳು. ಸುಮಾರು ಹೊತ್ತು ಹಿಡಿಯಿತು. ತಿರುಗಿ ಬಂದು ನೋಡಿದರೆ ತಟ್ಟೆ ಖಾಲಿ!

ಇಷ್ಟು ಬೇಗ? ನಿನ್ನೆ ಒಂದು ಇಡ್ಲಿ ಮುಗಿಯುವಷ್ಟರಲ್ಲಿ ಯಕ್ಷಿತಾ ಇಡೀ ಹೋಮ್‌ವರ್ಕ್ ಮುಗಿಸಿದ್ದಳು. ಹರಿಣಿ ಕೈ ತೊಳೆಯಲು ಹೋಗಿದ್ದಳು. ಯಕ್ಷಿತಾ ಪರದೆ ಸರಿಸಿ ನೋಡಿದಳು. ಆಮೇಲೆ ಬಾಗಿಲ ಮೂಲೆಯ ಕಸದ ಬುಟ್ಟಿಯ ಮುಚ್ಚಳ ತೆರೆದು ಒಳಗೆ ಇಣುಕಿದಳು. ಈರುಳ್ಳಿ ಸಿಪ್ಪೆ. ಹಾಲಿನ ಪ್ಯಾಕೆಟ್. ಅಷ್ಟೇ.

"ಕಸದ ಬುಟ್ಟಿಯಲ್ಲಿ ಎಂತ ಹುಡುಕ್ತಿದ್ದೀ?"

ಹರಿಣಿ ಹಿಂದೆಯೇ ನಿಂತಿದ್ದಳು.

"ಪೆ... ಪೆನ್ಸಿಲ್."

"ಪೆನ್ಸಿಲ್ ಅಲ್ಲ. ಇಡ್ಲಿ ಅನ್ನು." ಹರಿಣಿಯ ದನಿ ಜೋರಾಗಲಿಲ್ಲ. ಜೋರಾಗಿದ್ದರೆ ಒಳ್ಳೆಯದಿತ್ತು. "ನಾನು ತಿಂದೆ ಯಕ್ಷೀ. ನಿಜವಾಗಿ ತಿಂದೆ. ನಿನಗೆ ಅದು ಎಷ್ಟು ಕಷ್ಟ ಅಂತ ಗೊತ್ತಿಲ್ಲ."

ಯಕ್ಷಿತಾ ಬುಟ್ಟಿಯ ಮುಚ್ಚಳ ಹಾಕಿದಳು.

"ಆಸ್ಪತ್ರೆಯಲ್ಲಿಯೂ ಊಟಕ್ಕೆ ಕೂತರೆ ಒಬ್ಬರು ಎದುರು ಕೂರ್ತಿದ್ರು. ಅವರಾದರೆ ಸಿಸ್ಟರ್, ಅದು ಅವರ ಡ್ಯೂಟಿ. ನೀನು ನನ್ನ ತಂಗಿ ಅಲ್ವಾ?"

ಹಾಗಾದರೆ ನೀನು ಅಲ್ಲಿಂದ ಬಂದದ್ದು ಅದಕ್ಕೇನಾ? ಕೇಳಬೇಕೆಂದು ಯಕ್ಷಿತಾಳ ಬಾಯಿ ತೆರೆಯಿತು. ಅಷ್ಟರಲ್ಲಿ ಬಾಗಿಲ ಬಳಿ ಬಳೆಗಳ ಸದ್ದಾಯಿತು.

ಪಕ್ಕದ ಮನೆಯ ಇಂದ್ರಾಬಾಯಿ ಆಂಟಿ. ಕಲಬುರಗಿ ಕಡೆಯವರು. ಮೊನ್ನೆ ಅಮ್ಮ ಪಾಯಸ ಕೊಟ್ಟಿದ್ದ ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿ ತಂದಿದ್ದರು. ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದು ಅವರಿಗೆ ಗೊತ್ತೇ ಇಲ್ಲ.

"ಸೇವಂತೀ, ಡಬ್ಬಿ ತಗೋ ಯವ್ವಾ. ಅಲ್ಲಾ, ಹರಿಣೀ! ಎಷ್ಟ್ ಛಲೋ ಆಗೀಯಲ್ಲ! ಮಾರಿ ಮ್ಯಾಗ ಕಳಾ ಬಂದೈತಿ. ಆಸ್ಪತ್ರಿ ಊಟ ಮೈಗೆ ಹತ್ತೈತಿ ನೋಡು!"

ಅಮ್ಮನ ಮುಖ ಅರಳಿತು. "ಹೌದಲ್ವಾ ಇಂದ್ರಕ್ಕ? ನನಗೂ ಹಾಗೇ ಕಾಣ್ತದೆ."

ಹರಿಣಿಯೂ ನಕ್ಕಳು. ನಗುತ್ತಲೇ ಸ್ವೆಟರಿನ ತೋಳುಗಳನ್ನು ಎಳೆದು ಎಳೆದು ಬೆರಳ ತುದಿಯವರೆಗೆ ಮುಚ್ಚಿಕೊಂಡಳು. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಯಕ್ಷಿತಾ ನಿಂತಲ್ಲೇ ನಿಂತಳು. ಈ ನಗುವನ್ನು ಅವಳು ನೋಡಿದ್ದಳು. ಹೀಗೇ ಎಳೆದು ಮುಚ್ಚಿಕೊಳ್ಳುವುದನ್ನೂ ನೋಡಿದ್ದಳು. ಎಲ್ಲಿ?

ಆಸ್ಪತ್ರೆಯಲ್ಲಿ, ಹೋದ ಭಾನುವಾರ. ಭೇಟಿಯ ಹೊತ್ತಿನಲ್ಲಿ ಅವಳು ಓಡಿಹೋಗಿ ಅಕ್ಕನ ಕೆನ್ನೆ ಹಿಂಡಿ ಕಿರುಚಿದ್ದಳು. "ಅಕ್ಕಾ, ನಿನ್ನ ಗುಂಡು ಗಲ್ಲ ವಾಪಸ್ ಬಂತು!" ಖುಷಿಯಲ್ಲಿ ಹೇಳಿದ್ದು. ಆವತ್ತೂ ಅಕ್ಕ ಇದೇ ನಗು ನಕ್ಕು, ನೀಲಿ ಶಾಲನ್ನು ಎಳೆದು ಎಳೆದು ಮುಖದವರೆಗೆ ಹೊದ್ದುಕೊಂಡಿದ್ದಳು.

ಭಾನುವಾರ. ಆಮೇಲೆ ಸೋಮವಾರ, ಮಂಗಳವಾರ. ಬುಧವಾರ ಅಕ್ಕ ಮನೆಯಲ್ಲಿ.

ಬೆಳಿಗ್ಗೆಯಿಂದ ಅವಳು ಎಲ್ಲರ ಮೇಲೂ ಸಂಶಯಪಟ್ಟಿದ್ದಳು. ಅಮ್ಮ, ಪಪ್ಪ, ಸಿಸ್ಟರ್, ಅಕ್ಕ. ಒಬ್ಬಳ ಹೆಸರು ಮಾತ್ರ ಬಿಟ್ಟುಹೋಗಿತ್ತು.

*

"ಪಪ್ಪ ಬಿಪಿ ಮಾತ್ರೆ ಬಿಟ್ಟು ಹೋಗಿದ್ದಾರೆ. ಓಡಿ ಕೊಟ್ಟು ಬಾ," ಎಂದು ಅಮ್ಮ ಹೇಳಿದಾಗ ಯಕ್ಷಿತಾಗೆ ಮನೆಯಿಂದ ಹೊರಬಿದ್ದರೆ ಸಾಕಾಗಿತ್ತು.

ಪಪ್ಪ ಕೆಲಸ ಮಾಡುವ ಹೋಟೆಲು ಎರಡು ಗಲ್ಲಿ ದಾಟಿದರೆ ಸ್ಟೇಷನ್ ರೋಡಿನಲ್ಲಿ. ಅಲ್ಲಿಯ ಅಡುಗೆಮನೆಗೆಲ್ಲ ಅವರೇ ಹಿರಿಯ. ಎಲ್ಲರೂ ಅವರನ್ನು ಚೆನ್ನಯಣ್ಣ ಎನ್ನುತ್ತಾರೆ. ಯಕ್ಷಿತಾ ಹೋದಾಗ ಅವರು ದೋಸೆ ಕಲ್ಲಿಗೆ ನೀರು ಚಿಮುಕಿಸುತ್ತಿದ್ದರು. ಚುಂಯ್ ಎಂದು ಹಬೆ ಎದ್ದಿತು.

ಅದೇ ಹೊತ್ತಿಗೆ ವೇಟರ್ ಶರಣು ಒಂದು ಪ್ಲೇಟ್ ತಂದು ಕಟ್ಟೆಯ ಮೇಲೆ ಕುಕ್ಕಿದ.

"ಏಳನೇ ಟೇಬಲಿನ ಉಪ್ಪಿಟ್ಟು ವಾಪಸ್ ಬಂತ್ರೀ ಅಣ್ಣಾ. ಎರಡ ಚಮಚಾ ತಿಂದಾನ. ಮುದುಕಗ ದಿಮಾಕ್ ಭಾಳ."

"ಉಪ್ಪು ಜಾಸ್ತಿ ಆಯ್ತಾ?"

"ನಂಗೇನ್ ಗೊತ್ತ್ರಿ? ಆಗಿರಬೇಕು."

ಪಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಉಪ್ಪು ಸರಿಯಾಗಿತ್ತು. ಹೆಗಲ ಟವೆಲಿಗೆ ಕೈ ಒರೆಸಿಕೊಂಡು ಹೊರಗೆ ಹೋದರು. ಯಕ್ಷಿತಾ ಬಾಗಿಲ ಸಂದಿಯಿಂದ ನೋಡಿದಳು. ಪ್ಲೇಟ್ ವಾಪಸ್ ಬಂದರೆ ಪಪ್ಪ ಯಾವಾಗಲೂ ಹೀಗೆಯೇ ಸ್ವತಃ ಹೋಗುತ್ತಾರೆ. ಚಿಕ್ಕವಳಿದ್ದಾಗಿನಿಂದ ಅವಳು ಇದನ್ನು ನೋಡಿದ್ದಾಳೆ.

ಏಳನೇ ಟೇಬಲಿನಲ್ಲಿ ಒಬ್ಬ ಮರಾಠಿ ಅಜ್ಜ ಹುಬ್ಬು ಗಂಟಿಕ್ಕಿ ಕೂತಿದ್ದರು.

"ಕಾಕಾ, ಕ್ಯಾ ಠೀಕ್ ನಹೀ ಲಗಾ?" ಎಂದು ಕೇಳಿದರು ಪಪ್ಪ. ಏನು ಸರಿಹೋಗಲಿಲ್ಲ?

ಅಷ್ಟೇ. ಆಮೇಲೆ ಬಾಯಿ ಮುಚ್ಚಿ ನಿಂತರು. ಅಜ್ಜ ಫ್ಯಾನ್ ನೋಡಿದರು, ಗೋಡೆ ನೋಡಿದರು. ಪಪ್ಪ ನಿಂತೇ ಇದ್ದರು. ಕೊನೆಗೆ ಅಜ್ಜ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಏನೋ ಹೇಳಿದರು.

ಪಪ್ಪ ಒಳಗೆ ಬಂದು, "ಹೊಸ ಹಲ್ಲಿನ ಸೆಟ್ ಅಂತೆ. ಕಡ್ಲೆಬೇಳೆ ಸಿಕ್ಕಿ ಒಸಡು ನೋಯ್ತದಂತೆ. ಎರಡು ಇಡ್ಲಿ ಸಾಂಬಾರಿನಲ್ಲಿ ಮುಳುಗಿಸಿ ಕೊಡು," ಅಂದರು.

"ಹಲ್ಲಿಂದಾ?" ಶರಣು ನಾಲಿಗೆ ಕಚ್ಚಿಕೊಂಡ. "ಅದನ್ನ ಮೊದಲ ಹೇಳಬಾರದಾ ಅವ್ರು?"

"ನೀನು ಕೇಳಿದ್ಯಾ?"

ಶರಣು ಇಡ್ಲಿ ತೆಗೆದುಕೊಂಡು ಓಡಿದ.

ಯಕ್ಷಿತಾ ಮಾತ್ರೆಯ ಪೊಟ್ಟಣ ಕೊಟ್ಟಳು. ಆದರೆ ಹೊರಡಲಿಲ್ಲ.

"ಎಂತ ಮಗಾ?"

"ಪಪ್ಪಾ, ಹಾಸ್ಪಿಟಲಿಂದ ಫೋನ್ ಬಂದಿತ್ತು. ಅಕ್ಕನ ಬೆಡ್ ಸೋಮವಾರದವರೆಗೆ ಮಾತ್ರ ಅಂತೆ. ಆಮೇಲೆ ಬೇರೆಯವರಿಗೆ ಕೊಡ್ತಾರಂತೆ. ಅಮ್ಮನಿಗೆ ನಾನು ಹೇಳ್ಲಿಲ್ಲ." ಒಂದೇ ಉಸಿರಿಗೆ ಹೇಳಿಬಿಟ್ಟಳು. "ಡಾಕ್ಟರೇ ಕಳಿಸಿದ್ದು ಅಂತ ನೀವು ಹೇಳಿದ್ದು ಸುಳ್ಳಾ?"

ಪಪ್ಪ ಗ್ಯಾಸ್ ಸಣ್ಣ ಮಾಡಿದರು. ಅಕ್ಕಿ ಮೂಟೆಯ ಮೇಲೆ ಕೂತು ಅವಳನ್ನು ಹತ್ತಿರ ಎಳೆದುಕೊಂಡರು.

"ಸುಳ್ಳೇ. ಡಾಕ್ಟರು ಬೇಡ ಅಂದ್ರು. ನಾನೇ ಕಾಗದಕ್ಕೆ ಸೈನ್ ಹಾಕಿದೆ."

"ಯಾಕೆ?"

"ಅವಳು ಫೋನಿನಲ್ಲಿ ಅತ್ತಳು. ಕರ್ಕೊಂಡು ಹೋಗಿ ಪಪ್ಪಾ, ಇನ್ನು ಸರಿಯಾಗಿ ತಿಂತೇನೆ ಅಂದಳು. ದಿನಕ್ಕೆ ಐನೂರು ಜನರಿಗೆ ಮಾಡಿ ಬಡಿಸುವವ ನಾನು. ನನ್ನ ಮಗಳಿಗೆ ಬಡಿಸ್ಲಿಕ್ಕೆ ಆಸ್ಪತ್ರೆ ಎಂತಕ್ಕೆ ಅಂತ ಅನಿಸಿತು." ಪಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಮೂರು ದಿನದಿಂದ ಅವಳಿಗೆ ಇಷ್ಟದ್ದೆಲ್ಲ ಮಾಡಿದೆ. ನೀರುದೋಸೆ, ಗೋಳಿಬಜೆ, ಹಾಲುಬಾಯಿ. ಮಾಡಿದಷ್ಟೂ ಅವಳು ಹೆದರ್ತಾಳೆ."

"ಅವಳು ಫೋನಿನಲ್ಲಿ ಯಾಕೆ ಅತ್ತದ್ದು?"

"ಹಾಂ?"

"ಯಾಕೆ ಅಳ್ತಿದ್ದೀ ಅಂತ ನೀವು ಕೇಳ್ಲಿಲ್ವಾ?"

ಪಪ್ಪ ಬಾಗಿಲಾಚೆ ಏಳನೇ ಟೇಬಲಿನ ಕಡೆ ನೋಡಿದರು. ಅಜ್ಜ ಇಡ್ಲಿ ತಿನ್ನುತ್ತಿದ್ದರು.

"ಇಲ್ಲ," ಅಂದರು. "ಅಮ್ಮನೂ ಕೇಳ್ಲಿಲ್ಲ. ಕೇಳಿದ್ರೆ ಅವಳು ಎಂತ ಹೇಳಿಯಾಳೋ ಅಂತ ಹೆದರಿಕೆ."

"ನನಗೂ ಹೆದರಿಕೆ," ಎಂದಳು ಯಕ್ಷಿತಾ. "ನನ್ನಿಂದಲೇ ಆದದ್ದು ಪಪ್ಪಾ. ಭಾನುವಾರ ನಾನು ಅವಳಿಗೆ ಗುಂಡು ಗಲ್ಲ ಅಂದೆ. ಅದಕ್ಕೇ ಅವಳು ಓಡಿ ಬಂದದ್ದು."

ಪಪ್ಪ ಅವಳ ಎರಡೂ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡರು.

"ಇಲ್ಲಿ ನೋಡು. ಅವಳ ಕಾಯಿಲೆ ನಿನ್ನ ಒಂದು ಮಾತಿನಿಂದ ಬಂದದ್ದಲ್ಲ. ಅದು ಶುರುವಾಗಿ ವರ್ಷ ಆಯ್ತು. ಅಲ್ಲಿಂದ ಯಾಕೆ ಬಂದಳು ಅನ್ನುವುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾವು ಬರೀ ಎಣಿಸ್ತಾ ಇದ್ದೇವೆ."

ಉಪ್ಪು ಜಾಸ್ತಿ ಎಂದು ಶರಣು ಕೇಳದೆಯೇ ಊಹಿಸಿದ ಹಾಗೆ. ಯಕ್ಷಿತಾ ಅದನ್ನು ಹೇಳಲಿಲ್ಲ. ಮೂಗು ಒರೆಸಿಕೊಂಡಳು.

"ಸಿಸ್ಟರಿಗೂ ಅಮ್ಮನಿಗೂ ನಾನೇ ಈಗ ಫೋನ್ ಮಾಡ್ತೇನೆ," ಅಂದರು ಪಪ್ಪ. "ಮೂರು ಗಂಟೆಗೆ ಮನೆಗೆ ಬರ್ತೇನೆ. ನೀನು ಹೋಗು. ಅಕ್ಕನ ಹತ್ತಿರ ಇರು."

"ಕಣ್ಣಿಟ್ಟಿರಬೇಕಾ?"

"ಬೇಡ. ಸುಮ್ಮನೆ ಇರು."

*

ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ, ಡ್ರಮ್ಮಿಗೆ ಒರಗಿ ಕೂತಿದ್ದಳು. ಫೋನ್ ಕಿವಿಗಿತ್ತು. "ಹೂಂ. ಹೂಂ," ಎನ್ನುತ್ತಿದ್ದಳು. ಯಕ್ಷಿತಾಳನ್ನು ಕಂಡು ಒದ್ದೆ ಕಣ್ಣಲ್ಲೇ ಒಳಗೆ ಹೋಗು ಎಂದು ತಲೆಯಾಡಿಸಿದಳು. ಬೈಯಲಿಲ್ಲ.

ಹರಿಣಿ ಮತ್ತೆ ಕಿಟಕಿಯ ಬಳಿ ಕೂತಿದ್ದಳು. ಎದುರಿಗೆ ಕೆಂಪು ಸ್ಟೂಲ್ ಇದ್ದಲ್ಲೇ ಇತ್ತು, ಅದರ ಮೇಲೆ ಮರಾಠಿ ಪುಸ್ತಕ. ಯಕ್ಷಿತಾ ಸ್ಟೂಲನ್ನು ಎತ್ತಿ ಬಾಗಿಲ ಹಿಂದೆ ಇಟ್ಟಳು. ಬಂದು ಅಕ್ಕನ ಪಕ್ಕದಲ್ಲಿ, ಅಕ್ಕ ನೋಡುವ ಕಡೆಗೇ ಮುಖ ಮಾಡಿ ಕೂತಳು.

ದೂರದಲ್ಲಿ ಠಾಣೆ ಊರಿನ ಕಡೆಗೆ ಒಂದು ಲೋಕಲ್ ರೈಲು ಹೋಯಿತು.

"ಕಸದ ಬುಟ್ಟಿ ನೋಡಿದ್ದಕ್ಕೆ ಸಾರಿ."

ಹರಿಣಿ ಕಿಟಕಿಯಾಚೆಯೇ ನೋಡುತ್ತಿದ್ದಳು.

"ನಿನ್ನ ನೀಲಿ ಶಾಲು ಅಲ್ಲೇ ಉಂಟಂತೆ. ಸಿಸ್ಟರ್ ಫೋನ್ ಮಾಡಿದ್ರು. ಬೆಡ್ ಸಹ ಉಂಟಂತೆ, ಸೋಮವಾರದವರೆಗೆ."

ಹರಿಣಿ ತಟ್ಟನೆ ತಿರುಗಿದಳು. ಅವಳ ಕಣ್ಣು ಕಿರಿದಾಯಿತು.

"ಓಹೋ. ಹೋಗು ಅಂತ ಹೇಳ್ಲಿಕ್ಕೆ ನಿನ್ನನ್ನು ಕಳಿಸಿದ್ರಾ? ಯಾರು, ಪಪ್ಪನಾ?"

"ಇಲ್ಲ."

"ಮತ್ತೆ ಅಮ್ಮನಾ?"

"ಯಾರೂ ಅಲ್ಲ ಅಕ್ಕ. ನಾನೇ."

ಹರಿಣಿ ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಬೆಳಿಗ್ಗೆ ತಾನು ಅಮ್ಮನ ಮುಖವನ್ನು ನೋಡಿದ್ದೂ ಹೀಗೆಯೇ ಎಂದು ಯಕ್ಷಿತಾಗೆ ನೆನಪಾಯಿತು. ಮನೆಯಲ್ಲಿ ನಾಲ್ಕು ಜನ. ನಾಲ್ಕೂ ಜನ ಕದ್ದು ಕದ್ದು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಅವಳ ನಾಲಿಗೆಯ ತುದಿಯಲ್ಲಿ ಬಹಳ ಪ್ರಶ್ನೆಗಳಿದ್ದವು. ಸಿಸ್ಟರ್ ಬೈದ್ರಾ? ಅವರು ಎದುರು ಕೂರ್ತಿದ್ದದ್ದಕ್ಕಾ? ಬೋರ್ ಆಗಿಯಾ? ನಾನು ಹಾಗೆ ಅಂದದ್ದಕ್ಕಾ? ಪ್ರತಿಯೊಂದರಲ್ಲೂ ಉತ್ತರವನ್ನು ಅವಳೇ ಮೊದಲು ತುಂಬಿಟ್ಟಿದ್ದಳು. ಒಂದೊಂದನ್ನೇ ನುಂಗಿಕೊಂಡಳು.

ಕೇಳಿದ ಮೇಲೆ ಸುಮ್ಮನಿರಬೇಕು. ಅಕ್ಕ ಫ್ಯಾನ್ ನೋಡಲಿ, ಗೋಡೆ ನೋಡಲಿ, ಪಪ್ಪ ಮನೆಗೆ ಬರುವಷ್ಟು ಹೊತ್ತೇ ಆಗಲಿ, ಇಲ್ಲಿಂದ ಏಳಬಾರದು.

ಸ್ವೆಟರಿನ ತೋಳಿನಿಂದ ಹೊರಗೆ ಇಣುಕುತ್ತಿದ್ದ ಅಕ್ಕನ ತಣ್ಣಗಿನ ಬೆರಳುಗಳನ್ನು ಯಕ್ಷಿತಾ ಹಿಡಿದುಕೊಂಡಳು.

"ಅಕ್ಕಾ," ಎಂದಳು, "ಅಲ್ಲಿ ನಿನಗೆ ಎಂತ ಸರಿಹೋಗ್ಲಿಲ್ಲ?"